ಎಡತೋಳಿನ ಸುಕ್ಕು

ಮನೆಯಿಂದ,
ಶನಿವಾರ, ಮಧ್ಯಾಹ್ನ

ನನ್ನ ಮೆಚ್ಚಿನ ಅತ್ತೆಗೆ, ನಿಮ್ಮ ಜಗಳಗಂಟಿ ಸೊಸೆಯ ನಮಸ್ಕಾರಗಳು.

ಹೇಗಿದ್ದೀರಿ? ಮಂಡಿನೋವು ಹೇಗಿದೆ? ನಾದಿನಿಯ ಕಾಲಿನ ಪ್ಲಾಸ್ಟರ್ ಯಾವಾಗ ಬಿಚ್ಚುತ್ತಾರಂತೆ? ಮಗಳ ಆರೈಕೆಗೆಂದು ಹೋದವರು ಅವಳ ಮನೆಯ ಅಟ್ಟವನ್ನೆಲ್ಲ ಇಳಿಸಿ ಗುಡಿಸುತ್ತಿದ್ದೀರಿ ಎಂಬ ದೂರು ಇಲ್ಲಿಯವರೆಗೆ ಬಂದಿದೆ. ದಯವಿಟ್ಟು ಸ್ವಲ್ಪ ಕೂತುಕೊಳ್ಳಿ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಮಾವ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಾರೆ, ಮಾತ್ರೆ ಕಂಡರೆ ಮಾತ್ರ ಚಿಕ್ಕ ಮಕ್ಕಳ ಹಾಗೆ ಮುಖ ತಿರುಗಿಸುತ್ತಾರೆ. ಇಷ್ಟನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀವು "ಸರಿ, ಇಡ್ತೀನಿ" ಎಂದು ಅರ್ಧಕ್ಕೇ ಇಟ್ಟುಬಿಡುವವರು, ನಾನು ಹೇಳಬೇಕಾದದ್ದು ಅರ್ಧಕ್ಕೆ ನಿಲ್ಲಿಸುವಂಥದ್ದಲ್ಲ. ಅದಕ್ಕೇ ಈ ಕಾಗದ.

ವಿಷಯ ನಿಮ್ಮ ಸವತಿಯದು. ನಮ್ಮ ಲಾಂಡ್ರಿಯ ಹಳೇ ವ್ಯಾನಿಗೆ ನೀವು ಎಂಥ ಹೆಸರಿಟ್ಟಿದ್ದೀರಿ ಅತ್ತೆ! ಮಾವ ಬೆಳಿಗ್ಗೆ ಎದ್ದು ತಮ್ಮ ಮುಖ ತೊಳೆಯುವ ಮೊದಲು ಅದರ ಗಾಜು ಒರೆಸುತ್ತಾರೆ, ಹಾಗಾಗಿ ಹೆಸರೇನೋ ಸರಿಯಾಗಿಯೇ ಇದೆ. ನೀವು ಅತ್ತ ಹೋದದ್ದೇ ತಡ, ಸವತಿ ಪೆಟ್ರೋಲನ್ನು ನೀರು ಕುಡಿದಂತೆ ಕುಡಿಯತೊಡಗಿದಳು. ಸೋಮವಾರ ತುಂಬಿಸಿದ ಟ್ಯಾಂಕು ಆಸ್ಪತ್ರೆಯ ಚಾದರ, ಹೋಟೆಲಿನ ಸಮವಸ್ತ್ರ ಎಲ್ಲವನ್ನೂ ಸುತ್ತಿಸಿ ಶುಕ್ರವಾರದವರೆಗೆ ಬರುತ್ತಿತ್ತಲ್ಲ, ಈಗ ಬುಧವಾರಕ್ಕೇ ಮುಳ್ಳು ಕೆಳಗೆ ಬಿದ್ದು ಮಲಗುತ್ತಿತ್ತು. ನಿಮ್ಮ ಮಗನ ಸ್ವಭಾವ ನಿಮಗೆ ಗೊತ್ತೇ ಇದೆ. "ತಿಂಗಳ ಕೊನೆ ತನಕ ನೋಡ್ತೀನಿ. ಸರಿ ಹೋಗ್ಲಿಲ್ವಾ, ಗುಜರಿಗೆ ಕೊಟ್ಟು ಬಾಡಿಗೆ ಗಾಡಿ ಇಡೋಣ" ಎಂದು ಊಟಕ್ಕೆ ಕೂತಾಗ ಎಲ್ಲರೆದುರು ಹೇಳಿಬಿಟ್ಟರು. ಮಾವ ತಟ್ಟೆಯಲ್ಲಿದ್ದುದನ್ನು ಅರ್ಧ ಬಿಟ್ಟು ಎದ್ದು, ವ್ಯಾನಿನ ಬಾಗಿಲು ತೆಗೆದು ಒಳಗೆ ಕೂತರು. ಬೆಳಿಗ್ಗೆ ಎದ್ದು ಹೋಗಲು ಒಂದು ಕೆಲಸ, ದಾರಿಯುದ್ದಕ್ಕೂ ಕೈಯೆತ್ತಿ ಮಾತಾಡಿಸುವ ಜನ, ಇದೆಲ್ಲ ಆ ವ್ಯಾನಿನ ಜೊತೆಗೇ ಹೋಗಿಬಿಡುತ್ತದೆ. ನನಗೆ ಸಂಕಟವಾಯಿತು. ವ್ಯಾನನ್ನು ಉಳಿಸಿಯೇ ತೀರುತ್ತೇನೆ ಎಂದು ಪಟ್ಟು ಹಿಡಿದೆ.

ಮೊದಲು ಮೆಕ್ಯಾನಿಕ್ಕನ್ನು ಕರೆಸಿದೆ. ನೀವು ಸೈಲೆನ್ಸರ್ ಎಂದು ಕರೆಯುವವನೇ, ಬಾಯಿ ಮುಚ್ಚಿದ್ದನ್ನು ಯಾರೂ ನೋಡದ ಆ ಪುಣ್ಯಾತ್ಮ. ಏರ್ ಫಿಲ್ಟರ್ ತೆಗೆದು ನನ್ನ ಮುಂದೆ ಹಿಡಿದು, "ಅಕ್ಕಾ, ಇದರಲ್ಲಿ ಒಂದು ದಿಂಬು ತುಂಬಬಹುದು" ಎಂದ. ನಮ್ಮ ಚಾದರಗಳ ಜುಂಗೆಲ್ಲ ಅದರಲ್ಲಿ ಮೆತ್ತಿಕೊಂಡಿತ್ತು, ಇನ್ನು ಎಂಜಿನ್ನು ಉಸಿರಾಡುವುದಾದರೂ ಹೇಗೆ? ಟೈರುಗಳಲ್ಲಿ ಗಾಳಿ ಕಡಿಮೆ ಇತ್ತು. ಹಿಂದಿನ ಒಂದು ಚಕ್ರವನ್ನು ಎತ್ತಿ ಕೈಯಲ್ಲಿ ತಿರುಗಿಸಿದರೆ ಅರ್ಧ ಸುತ್ತಿಗೇ ನಿಲ್ಲುತ್ತಿತ್ತು. ಬ್ರೇಕು ಹಿಡಿದುಕೊಂಡೇ ಇದೆ, ಗಾಡಿ ತನ್ನನ್ನು ತಾನೇ ತಡೆದುಕೊಂಡು ಓಡುತ್ತಿದೆ ಎಂದ. ಹಿಂಬದಿಯಲ್ಲಿ ಗಂಟುಗಳ ಕೆಳಗೆ, ನೀವು ಎಸೆಯಿರಿ ಎಂದು ವರ್ಷಗಟ್ಟಲೆ ಹೇಳುತ್ತಿದ್ದ ಆ ಮುರಿದ ಕಬ್ಬಿಣದ ಮೇಜು ಹಾಯಾಗಿ ಪ್ರಯಾಣ ಮಾಡುತ್ತಿತ್ತು. ಅದನ್ನೂ ಇಳಿಸಿದೆವು. ಒಂದೊಂದು ಸರಿಮಾಡಿದಾಗಲೂ ಮುಳ್ಳು ಒಂದಿಷ್ಟು ಮೇಲೆ ನಿಂತಂತೆ ಕಾಣುತ್ತಿತ್ತು, ಆದರೆ ಶುಕ್ರವಾರ ಮಾತ್ರ ಮುಟ್ಟಲಿಲ್ಲ. ಕೊನೆಗೆ ಸೈಲೆನ್ಸರ್ ಟ್ಯಾಂಕನ್ನು ಕಂಠಪೂರ್ತಿ ತುಂಬಿಸಿ, ಮಾವ ಹೋಗುವ ದಾರಿಯಲ್ಲೇ ಅಷ್ಟೇ ಗಂಟು ಹೊತ್ತು ತಾನೇ ಓಡಿಸಿ ಬಂದು, ಮತ್ತೆ ತುಂಬಿಸಿ ನೋಡಿದ. ಕುಡಿದದ್ದು ನೀವಿದ್ದಾಗ ಕುಡಿಯುತ್ತಿದ್ದಷ್ಟೇ, ಎಳ್ಳಷ್ಟೂ ಹೆಚ್ಚಿಲ್ಲ! ಮರುದಿನ ಮಾವ ತೆಗೆದುಕೊಂಡು ಹೋದರು, ಮತ್ತೆ ಅದೇ ರಾಗ. ಸೈಲೆನ್ಸರ್ ತಲೆ ಕೆರೆದುಕೊಂಡು ಮೊದಲ ಸಲ ಸುಮ್ಮನಾದ.

ನಿಮ್ಮ ಮಗನಿಗೆ ಇನ್ನೇನು ಬೇಕು? ಯಾರೋ ಪೆಟ್ರೋಲು ಕದಿಯುತ್ತಿದ್ದಾರೆ ಎಂದು ಟ್ಯಾಂಕಿನ ಮುಚ್ಚಳಕ್ಕೆ ಬೀಗ ಹಾಕಿ, ಬೀಗದಕೈ ಕೊರಳಿಗೆ ಕಟ್ಟಿಕೊಂಡು ಓಡಾಡಿದರು. ಅದೂ ಉಪಯೋಗಕ್ಕೆ ಬರದಿದ್ದಾಗ, "ಅಪ್ಪ ನಮಗೆ ಹೇಳದೆ ಎಲ್ಲೋ ಸುತ್ತಾಡ್ತಿದ್ದಾರೆ" ಎಂದು ಪಿಸುಗುಟ್ಟಿದರು. ಈ ವಯಸ್ಸಿನಲ್ಲಿ ಮಾವ ಎಲ್ಲಿಗೆ ಸುತ್ತಾಡುತ್ತಾರೆ ಹೇಳಿ? ನಾನು ಚೆನ್ನಾಗಿ ಬೈದೆ.

ಅಷ್ಟರಲ್ಲಿ ಒಂದು ಮಧ್ಯಾಹ್ನ ಮಾವನ ಅಂಗಿಗಳಿಗೆ ಇಸ್ತ್ರಿ ಮಾಡುತ್ತಿದ್ದೆ. ನಿಮಗೆ ನೆನಪಿದೆಯಲ್ಲ, ಅವರ ಎಡತೋಳಿನ ಸುಕ್ಕಿನ ಮೇಲೆ ನಾನು ಎಷ್ಟು ಸಿಡಿಮಿಡಿಗುಟ್ಟುತ್ತಿದ್ದೆ? ಮೊಣಕೈ ಹತ್ತಿರ, ಯಾರೋ ಹಿಡಿದು ಹಿಂಡಿದ ಹಾಗೆ. ನೀರು ಚಿಮುಕಿಸಿ ಎರಡೆರಡು ಸಲ ಒತ್ತಿದರೂ ಹೋಗುತ್ತಿರಲಿಲ್ಲ, ನೀವು ಮಾತ್ರ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಿರಿ. ಈಗ ನೋಡುತ್ತೇನೆ, ಒಂದು ಅಂಗಿಯಲ್ಲೂ ಸುಕ್ಕಿಲ್ಲ. ನೀವು ಹೋದ ಮೇಲೆ ಈ ಮನೆಯಲ್ಲಿ ಬದಲಾಗಿದ್ದು ಎರಡೇ ಎರಡು, ಪೆಟ್ರೋಲು ಮತ್ತು ಈ ತೋಳು. ಅದಕ್ಕೂ ಇದಕ್ಕೂ ಏನು ಸಂಬಂಧ ಎಂದು ನನಗೇ ನಗು ಬಂತು. ಆದರೂ ತಲೆಯೊಳಗೆ ಹುಳ ಬಿಟ್ಟುಕೊಂಡಂತಾಯಿತು. ಮರುದಿನ ಬೆಳಿಗ್ಗೆ ಗಂಟು ಎಣಿಸುವ ನೆಪ ಮಾಡಿ ವ್ಯಾನು ಹತ್ತಿ, ಮಾವನ ಪಕ್ಕ ನೀವು ದಿನಾ ಕೂರುತ್ತಿದ್ದ ಜಾಗದಲ್ಲಿ ಕೂತೆ.

ಸೇತುವೆ ದಾಟಿದ ಮೇಲೆ ರಸ್ತೆ ನೇರವಾಯಿತು. ವೇಗ ಹೆಚ್ಚಿತು, ಎಂಜಿನ್ನು ಕಿರುಚತೊಡಗಿತು. ಗೇರು ಇನ್ನೂ ಮೂರರಲ್ಲೇ ಇತ್ತು, ಹಾಗೆ ಓಡಿದರೆ ಪೆಟ್ರೋಲು ಕುಡಿಯದೆ ಇರುತ್ತದೆಯೇ? ಈಗ ನಾಲ್ಕಕ್ಕೆ ಹಾಕುತ್ತಾರೆ, ಇನ್ನೇನು ಹಾಕುತ್ತಾರೆ ಎಂದು ಕಾದೆ. ಮಾವ ಆರಾಮಾಗಿ ಏನೋ ಗುನುಗುತ್ತಿದ್ದರು. "ಮಾವ, ಗೇರು" ಎಂದೆ. ಗುನುಗು ನಿಲ್ಲಲಿಲ್ಲ. ಇನ್ನೂ ಜೋರಾಗಿ ಕೂಗಿದೆ, ಆಗಲೂ ನಿಲ್ಲಲಿಲ್ಲ. ಅವರ ಗಮನ ಸೆಳೆಯಲೆಂದು ಮೊಣಕೈ ಮೇಲೆ ಮೆತ್ತಗೆ ತಟ್ಟಿದೆ. ಅವರು ನನ್ನ ಕಡೆ ತಿರುಗಲಿಲ್ಲ ಅತ್ತೆ. ಕಾಲು ಕ್ಲಚ್ಚನ್ನು ಒತ್ತಿತು, ಗೇರು ನಾಲ್ಕಕ್ಕೆ ಬಿತ್ತು, ಎಂಜಿನ್ನಿನ ಅರಚಾಟ ನಿಂತಿತು. ಮುಂದೆ ಆಸ್ಪತ್ರೆಯ ಏರು ಬಂತು. ವ್ಯಾನು ಏದುಸಿರು ಬಿಡುತ್ತಿದ್ದಾಗ ಮತ್ತೆ ತಟ್ಟಿದೆ. "ಏರಲ್ಲಿ ತಟ್ಟಬಾರ್ದಮ್ಮ, ಗೇರ್ ಇಳಿಸೋಕೆ ತೋಳು ಹಿಡಿದು ಹಿಂದಕ್ಕೆ ಎಳೀಬೇಕು. ಅವಳು ಹಾಗೇ ಮಾಡೋದು" ಎಂದರು ಮಾವ. ಆಮೇಲೆ ತಾವು ಏನು ಹೇಳಿಬಿಟ್ಟೆವೆಂದು ಅವರಿಗೇ ಹೊಳೆದು ಮುಖ ಬಿಳಿಚಿತು.

ಆಸ್ಪತ್ರೆಯ ಹಿಂಬಾಗಿಲಲ್ಲಿ ವ್ಯಾನು ನಿಲ್ಲಿಸಿ, ಸ್ಟೀರಿಂಗ್ ಹಿಡಿದುಕೊಂಡೇ ಎಲ್ಲ ಹೇಳಿದರು. "ಎರಡು ವರ್ಷ ಆಯ್ತು. ಮೊದ್ಲು ಒಂದು ಕಿವಿ, ಆಮೇಲೆ ಇನ್ನೊಂದು. ಎಂಜಿನ್ ಶಬ್ದ ಕೇಳೇ ನಾನು ಗೇರ್ ಹಾಕ್ತಿದ್ದೋನು. ಅವಳಿಗೆ ನಾನು ಹೇಳ್ಲಿಲ್ಲ, ಅವಳೂ ನನ್ನ ಕೇಳ್ಲಿಲ್ಲ. ಒಂದು ದಿನ ಸುಮ್ನೆ ಬಂದು ಪಕ್ಕದಲ್ಲಿ ಕೂತ್ಕೊಂಡ್ಳು." ಮಗನಿಗೆ ತಿಳಿದರೆ ವ್ಯಾನಿನ ಬೀಗದಕೈ ಕಿತ್ತುಕೊಳ್ಳುತ್ತಾನೆ ಎಂಬ ಭಯದಲ್ಲಿ ಎಲ್ಲರ ಮುಖ ನೋಡಿ ನೋಡಿ ಮಾತು ಊಹಿಸುತ್ತಿದ್ದರಂತೆ. ನಮಗೆ ಗೊತ್ತಾಗಲಿಲ್ಲ. ದಿನವಿಡೀ ಮೆಷಿನ್ನುಗಳು ಗುಡುಗುಡು ಎನ್ನುವ ಈ ಮನೆಯಲ್ಲಿ ನಾವೆಲ್ಲ ಹೇಗೂ ಕೂಗಿಕೊಂಡೇ ಮಾತಾಡುವವರು.

ಅತ್ತೆ, ನಿಮಗೆ ಸೈಕಲ್ ಹೊಡೆಯಲೂ ಬರುವುದಿಲ್ಲ. ಗೇರು ಎಷ್ಟಿವೆ ಎಂದು ಕೇಳಿದರೆ "ಇರೋವಷ್ಟಿವೆ" ಎನ್ನುವವರು ನೀವು. ಅಂಥವರು ಆ ಹಾಳು ಎಂಜಿನ್ನಿನ ಒಂದೊಂದು ಕೂಗನ್ನೂ ಯಾವಾಗ ಕಲಿತಿರಿ? ಮಂಡಿನೋವಿಟ್ಟುಕೊಂಡು ಆ ಎತ್ತರದ ಮೆಟ್ಟಿಲು ಹತ್ತಿ, ದಿನಾ ಬಿಸಿಲಲ್ಲಿ ಕೂತು, "ಗಂಟು ಎಣಿಸೋಕೆ ಯಾರಾದ್ರೂ ಬೇಕಲ್ಲ" ಎಂದು ನಮ್ಮ ಬಾಯಿ ಮುಚ್ಚಿಸುತ್ತಿದ್ದಿರಿ. ಅವರ ಕಿವಿ ಹೋಗಿದೆ ಎಂದು ಅವರೆದುರೂ ಬಾಯಿಬಿಡದೆ ಅವರ ಕಿವಿಯಾದಿರಿ. ಇಷ್ಟು ವರ್ಷ ನಿಮ್ಮ ಜೊತೆ ಒಂದೇ ಒಲೆಯ ಮುಂದೆ ನಿಂತಿದ್ದೇನೆ, ನಿಮ್ಮನ್ನು ಪೂರ್ತಿ ಬಲ್ಲೆ ಎಂದುಕೊಂಡಿದ್ದೆ. ನೀವು ಎದುರಿಗಿದ್ದರೆ ಕಾಲಿಗೆ ಬೀಳುತ್ತಿದ್ದೆ. ಬೈದು ಎಬ್ಬಿಸುತ್ತಿದ್ದಿರಿ ಬಿಡಿ.

ನಿಮ್ಮ ಮಗನಿಗೆ ನಾನೇ ಹೇಳಿದೆ. ಕಣ್ಣು ಕೆಂಪಗೆ ಮಾಡುತ್ತಾರೆ ಎಂದುಕೊಂಡಿದ್ದರೆ ಕಣ್ಣು ತುಂಬಿಕೊಂಡು ಹೊರಗೆ ಹೋಗಿ ಟ್ಯಾಂಕಿನ ಬೀಗ ತೆಗೆದು ಬಂದರು. ಈ ವಾರ ನಾನು ಪಕ್ಕದಲ್ಲಿ ಕೂತೆ. ಸುಕ್ಕು ಮರಳಿ ಬಂತು, ಟ್ಯಾಂಕು ಶುಕ್ರವಾರ ಮುಟ್ಟಿತು, ಗುಜರಿಯ ಮಾತು ನಿಂತಿತು. ನನ್ನ ಕೈ ಮಾತ್ರ ಮಾವನಿಗೆ ಒಗ್ಗಿಲ್ಲ, "ನೀನು ಬಾಗಿಲು ಬಡಿದ ಹಾಗೆ ತಟ್ತೀಯ" ಎನ್ನುತ್ತಾರೆ. ಕಾಗದ ಕಳಿಸುವ ಮೊದಲು ಓದಿ ಹೇಳಬೇಕು ಎಂದು ಈಗಲೂ ಪಕ್ಕದಲ್ಲೇ ಕಾದಿದ್ದಾರೆ. ಕಿವಿ ಡಾಕ್ಟರ ವಿಷಯ ಏನು ಬರೆಯಲಿ ಎಂದರೆ "ನೋಡೋಣ ಅಂತ ಬರಿ" ಎಂದರು. ಆದ್ದರಿಂದ, ನೋಡೋಣ.

ನಾದಿನಿಗೆ ನನ್ನ ನೆನಪು ಹೇಳಿ, ಕೋಲು ಬಿಟ್ಟು ಓಡಾಡುವ ಸಾಹಸ ಬೇಡ ಎನ್ನಿ. ಮಂಡಿಗೆ ಎಣ್ಣೆ ಹಚ್ಚಿಕೊಳ್ಳಿ. ನಿಮ್ಮ ಆಶೀರ್ವಾದ ನಮ್ಮ ಮೇಲೂ ನಿಮ್ಮ ಸವತಿಯ ಮೇಲೂ ಇರಲಿ.

ನಿಮ್ಮ ಸೊಸೆ

ತಾ.ಕ.: ಮಾವ ಈಗಷ್ಟೇ ವ್ಯಾನಿನ ಕಡೆ ಹೋದರು, ಬರುವಷ್ಟರಲ್ಲಿ ಗೀಚಿ ಅಂಟಿಸಬೇಕು. ಕಾಗದವನ್ನು ಬೇಕೆಂದೇ ಅವರಿಗೆ ಬೆನ್ನು ತಿರುಗಿಸಿ ನಿಂತು, ಮೆಲ್ಲಗೆ ಓದಿದೆ. ಒಂದು ಪದವೂ ತಪ್ಪದೆ ಕೇಳಿಸಿಕೊಂಡರು! ಡಾಕ್ಟರ ಹತ್ತಿರ ಹೋಗಿ ಬಂದಾಗಿದೆ, ನಿನ್ನೆ ಎರಡೂ ಕಿವಿಗೆ ಪುಟ್ಟ ಯಂತ್ರ ಬಂದಿದೆ. ಗಾಡಿ ಓಡಿಸಲು ಅಡ್ಡಿಯಿಲ್ಲ ಎಂದು ಡಾಕ್ಟರೇ ಹೇಳಿದ್ದಾರೆ. ಇವತ್ತು ಬೆಳಿಗ್ಗೆ ಎಲ್ಲ ಗೇರನ್ನೂ ತಾವೇ ಹಾಕಿದರು. ಆದರೆ ಇದನ್ನು ನಿಮಗೆ ಬರೆಯಲೇಬಾರದಂತೆ. ನೀವು ಬರುವಷ್ಟರಲ್ಲಿ ಯಂತ್ರ ಮುಚ್ಚಿಹೋಗಲಿ ಎಂದು ಕಿವಿಯ ಮೇಲೆ ಕೂದಲು ಬೇರೆ ಬೆಳೆಸುತ್ತಿದ್ದಾರೆ. ಯಾಕೆ ಮಾವ ಎಂದು ಕೇಳಿದೆ. "ಕೇಳಿಸುತ್ತೆ ಅಂತ ಗೊತ್ತಾದ್ರೆ ಅವಳು ತಟ್ಟೋದು ಬಿಟ್ಬಿಡ್ತಾಳಮ್ಮ" ಎಂದರು. ಅತ್ತೆ, ಬಂದ ಮೇಲೆ ಏನೂ ಗೊತ್ತಿಲ್ಲದವರ ಹಾಗೆ ವ್ಯಾನು ಹತ್ತಿ ಕೂತು ತಟ್ಟುತ್ತಿರಿ. ತೋಳಿನ ಸುಕ್ಕನ್ನು ಇನ್ನು ಮೇಲೆ ನಾನು ತೆಗೆಯುವುದಿಲ್ಲ.