ಅಕ್ಕನಿಗೆಂದು ಇಟ್ಟ ಖಾಲಿ ಗ್ಲಾಸು

ಡಫ್‌ಟೌನ್,
ಸೆಪ್ಟೆಂಬರ್ ೧೪, ಭಾನುವಾರ ಸಂಜೆ

ಪ್ರೀತಿಯ ಎಲ್ಸ್‌ಪೆತ್ ಅಕ್ಕಾ,

ಮತ್ತು ಅಕ್ಕನ ಅಡುಗೆಮನೆಯಲ್ಲಿ ನೆರೆದಿರುವ ಸಮಸ್ತ ಮಹಾಜನರೇ, ಒಲೆಯ ಪಕ್ಕದ ಕುರ್ಚಿಯಲ್ಲಿ ವಿರಾಜಮಾನರಾಗಿರುವ ಮ್ಯಾಗ್ನಸ್ ಭಾವನವರೇ, ಸಕ್ಕರೆ ಕೇಳುವ ನೆಪದಲ್ಲಿ ಬಂದು ಹೊಸ್ತಿಲ ಮೇಲೇ ನಿಂತುಬಿಟ್ಟಿರುವ ಪಕ್ಕದ ಮನೆಯ ಇಂಗಾ ಅಮ್ಮನವರೇ, ಮೇಜಿನ ಕೆಳಗಿನ ಬೆಕ್ಕೇ, ಎಲ್ಲರಿಗೂ ಈ ಫಾರ್ಕರನ ನಮಸ್ಕಾರ. ಹಿಂದಿನ ಸಾಲಿನವರಿಗೆ ಕೇಳಿಸುತ್ತಿದೆ ತಾನೆ? ನನ್ನ ಕಾಗದ ಬಂತೆಂದರೆ ಅಕ್ಕ ಕನ್ನಡಕ ಏರಿಸಿ ಎಲ್ಲರ ಮುಂದೆ ಗಟ್ಟಿಯಾಗಿ ಓದುತ್ತಾಳೆ ಅಂತ ಗೊತ್ತಿದ್ದೇ ನಾನು ಹೀಗೆ ಗಂಟಲು ಸರಿಮಾಡಿಕೊಂಡು ಬರೆಯುವುದು.

ಮೊದಲು ಕ್ಷೇಮಸಮಾಚಾರ. ನಿನ್ನ ಎಡಗಾಲಿನ ಮಂಡಿ ಹೇಗಿದೆ? ಹೋದ ಸಲ ನೀನು 'ಮೆಟ್ಟಿಲು ಇಳಿಯುವಾಗ ಮಾತ್ರ ತಾನಿದ್ದೀನಿ ಅಂತ ಹೇಳುತ್ತೆ ಕಣೋ' ಎಂದು ಬರೆದಿದ್ದೆ. ನಿಮ್ಮ ಲೆರ್‌ವಿಕ್‌ನಲ್ಲಿ ಬಂದರಿಗೆ ಇಳಿದರೂ ಅಂಗಡಿಗೆ ಹತ್ತಿದರೂ ಮೆಟ್ಟಿಲೇ, ಅಂದಮೇಲೆ ಅದು ದಿನವೆಲ್ಲ ಮಾತಾಡುತ್ತಿರಬೇಕು. ಭಾವನ ಕೆಮ್ಮು ಇಳಿಯಿತೇ? ಶೆಟ್‌ಲೆಂಡಿನ ಗಾಳಿ ಶುರುವಾಯಿತೇ? ಇಲ್ಲಿ ನಾನು ಆರೋಗ್ಯ. ಗಂಟಲು ಉತ್ತಮ, ಸೊಂಟ ಸಾಧಾರಣ. ಬಾರ್ಲಿ ಕೊಯ್ಲು ಮುಗಿಯುತ್ತಾ ಬಂತು, ಊರೆಲ್ಲ ಬೇಯಿಸಿದ ಧಾನ್ಯದ ವಾಸನೆ. ವಿಸ್ಕಿ ಉಗ್ರಾಣದ ಗೋಡೆಗಳ ಮೇಲೆ ಅದೇ ಕಪ್ಪು ಬೂಷ್ಟು. ಹೊಸ ಪಾದ್ರಿಯ ಹೆಂಡತಿ ತಮ್ಮ ಕಾಂಪೌಂಡು ಗೋಡೆಯನ್ನು ತಿಕ್ಕಿ ಬೆಳ್ಳಗೆ ಮಾಡುತ್ತೇನೆಂದು ಹೊರಟು ಸೋತು, 'ವಿಸ್ಕಿಯ ಹಬೆ ಕುಡಿದು ಬೆಳೆಯೋದಕ್ಕೆ ನನ್ನ ಸೋಪು ಯಾವ ಲೆಕ್ಕ' ಅಂದರಂತೆ. ಆಕೆ ಈ ಊರಲ್ಲಿ ಬಾಳುತ್ತಾರೆ.

ನನ್ನ ಮಿನಿಬಸ್ಸಿನ ವ್ಯವಹಾರವೂ ಚೆನ್ನಾಗಿದೆ. ಬೆಳಿಗ್ಗೆ ಎಲ್ಗಿನ್ ಸ್ಟೇಷನ್ನಿನಲ್ಲಿ ಎಂಟು ಜನ ಪ್ರವಾಸಿಗರನ್ನು ಹತ್ತಿಸಿಕೊಳ್ಳುತ್ತೇನೆ, ಸಂಜೆಗೆ ಅಲ್ಲೇ ಇಳಿಸುತ್ತೇನೆ, ನಡುವೆ ಮೂರು ವಿಸ್ಕಿ ಭಟ್ಟಿಗಳು. ಬೆಳಿಗ್ಗೆ ಒಬ್ಬರ ಮುಖ ಒಬ್ಬರು ನೋಡದವರು ಎರಡನೆಯ ಭಟ್ಟಿ ದಾಟುವ ಹೊತ್ತಿಗೆ ಒಬ್ಬರ ಮೊಮ್ಮಕ್ಕಳ ಫೋಟೋ ಇನ್ನೊಬ್ಬರು ನೋಡುತ್ತಿರುತ್ತಾರೆ. ನಾನೊಬ್ಬನೇ ಒಣಗಂಟಲಿನವನು. ಗಾಡಿ ಓಡಿಸುವವನು ಮೂಸಬಹುದು, ಬಾಯಿಗೆ ಹಾಕುವಂತಿಲ್ಲ. ಹಾಗಾಗಿ ಹೋದಲ್ಲೆಲ್ಲ ನನಗೆ ಸಿಗುವುದು ಚಾಲಕನ ಪಾಲಿನ ಪುಟ್ಟ ಶೀಶೆ, ಮನೆಗೊಯ್ದು ಕುಡಿಯಲು. ನನ್ನ ಕಿಟಕಿಯ ಕಟ್ಟೆ ಈಗ ಔಷಧಿ ಅಂಗಡಿಯ ಹಾಗಿದೆ.

ಮೂರನೆಯದು ಅಪ್ಪ ಪೀಪಾಯಿ ಕಟ್ಟುತ್ತಿದ್ದ ಭಟ್ಟಿ. ಅಲ್ಲಿಗೆ ಬಂದಾಗಲೇ ನನ್ನ ಕೊನೆಯ ಅಂಕ. ಅಕ್ಕಾ, ಊರ ಸಭಾಭವನದಲ್ಲಿ ಚಳಿಗಾಲದ ನಾಟಕ ಆಡುತ್ತಿದ್ದಾಗ ನಾನು ರಾಜನಾಗಿ ಅಬ್ಬರಿಸುತ್ತಿದ್ದೆ, ನೀನು ಪರದೆಯ ಹಿಂದೆ ಸ್ಟೂಲಿನ ಮೇಲೆ ಕೂತು ಮಾತು ಎತ್ತಿಕೊಡುತ್ತಿದ್ದೆ. ನಾನು ಇಲ್ಲದ ಮಾತು ಸೇರಿಸಿದರೆ 'ಪುಸ್ತಕದಲ್ಲಿಲ್ಲ, ಪುಸ್ತಕದಲ್ಲಿಲ್ಲ' ಅಂತ ಮೆಲ್ಲಗೆ ಗದರುತ್ತಿದ್ದೆ. ಈಗ ಪರದೆಯ ಹಿಂದೆ ಯಾರೂ ಇಲ್ಲ. ಅದೇ ಅನಾಹುತಕ್ಕೆ ಕಾರಣ.

ಇಲ್ಲಿಂದ ಮುಂದೆ ಮನಸ್ಸಿನಲ್ಲೇ ಓದಿಕೋ ಅಕ್ಕಾ. ಇಂಗಾ ಅಮ್ಮನವರಿಗೆ ಸಕ್ಕರೆ ಕೊಟ್ಟು ಕಳಿಸಿಬಿಡು. ಭಾವ ಕೇಳಿದರೆ ತಮ್ಮ ಹವಾಮಾನದ ಬಗ್ಗೆ ಬರೆದಿದ್ದಾನೆ ಅನ್ನು.

ಅಮ್ಮ ತೀರಿಕೊಂಡ ವಾರ ಅಪ್ಪ ತನ್ನ ಕೈಯಾರೆ ಕಟ್ಟಿದ ಪೀಪಾಯಿಯಲ್ಲಿ, ಭಟ್ಟಿಯ ಯಜಮಾನರ ಒಪ್ಪಿಗೆ ಪಡೆದು, ನಮ್ಮಿಬ್ಬರಿಗಾಗಿ ಹೊಸ ಸಾರಾಯಿ ತುಂಬಿಸಿ ಉಗ್ರಾಣದ ಕೆಳಗಿನ ಸಾಲಿನಲ್ಲಿ ಮಲಗಿಸಿದ್ದು ನಿನಗೆ ನೆನಪಿದೆ. 'ನೀವಿಬ್ಬರೂ ಒಂದೇ ಮೇಜಿಗೆ ಕೂತ ದಿನ ಬಿರಡೆ ತೆಗೀರಿ, ಅಲ್ಲೀವರೆಗೆ ಯಾರೂ ಮುಟ್ಟಬೇಡಿ' ಎಂದಿದ್ದ. ಆಮೇಲೆ ನೀನು ಭಾವನ ಕೈ ಹಿಡಿದು ಸಮುದ್ರದಾಚೆ ಹೋದೆ, ಅಪ್ಪ ತೀರಿಕೊಂಡ. ಮಣ್ಣಿಗೆ ನೀನು ಬಂದಾಗ ಹಡಗು ಹಿಡಿಯುವ ಅವಸರ, ಮೇಜಿಗೆ ಕೂರಲೇ ಇಲ್ಲ. ಪೀಪಾಯಿ ಅಲ್ಲೇ ಉಳಿಯಿತು.

ಆ ಪೀಪಾಯಿಯನ್ನು ನಾನು ರಂಗಕ್ಕೆ ತಂದೆ. ಮೊದಲ ವರ್ಷ ಬರೀ ತೋರಿಸಿದೆ: 'ಮಹನೀಯರೇ, ಇಲ್ಲಿ ನನ್ನ ತಂದೆಯ ಕೈಗಳು ನಿದ್ರಿಸುತ್ತಿವೆ.' ಜನ ಮೂಗು ಒರೆಸಿಕೊಂಡರು. ನನಗೆ ಅಷ್ಟು ಸಾಲಲಿಲ್ಲ. ಮರುವರ್ಷ ಒಂದು ಖಾಲಿ ಗ್ಲಾಸು ತಂದು ಪೀಪಾಯಿಯ ನೆತ್ತಿಯ ಮೇಲಿಟ್ಟು, 'ಇದು ಉತ್ತರ ಸಮುದ್ರದ ನಡುವೆ ಇರುವ ನನ್ನ ಅಕ್ಕನದು' ಎಂದೆ. ಆಗಂತೂ ಒಬ್ಬ ಗಟ್ಟಿಮುಟ್ಟಾದ ಜರ್ಮನ್ ಗೃಹಸ್ಥ ಗೋಳೋ ಎಂದು ಅತ್ತ. ಇಷ್ಟು ಅತ್ತವರನ್ನು ಬರಿಗಂಟಲಲ್ಲಿ ಕಳಿಸುವುದು ಹೇಗೆ? ಉಗ್ರಾಣ ನೋಡಿಕೊಳ್ಳುವ ಮುದುಕ ವಾಟಿಯನ್ನು ಕಾಡಿ, ಸುಂಕದ ಲೆಕ್ಕಕ್ಕೆ ಬರೆಸಿ, ಬಿರಡೆ ತೆಗೆಸಿದೆ. ಅಪ್ಪನ ತಾಮ್ರದ ನಳಿಗೆ ಇತ್ತಲ್ಲ, ಸದಾ ಕಾಲಿಗೆ ಅಂಟಿಕೊಂಡೇ ಇರುತ್ತೆ ಅಂತ ಕೆಲಸಗಾರರೆಲ್ಲ 'ನಾಯಿ' ಅನ್ನುತ್ತಿದ್ದರಲ್ಲ, ಕದ್ದ ವಿಸ್ಕಿ ತುಂಬಿ ಪ್ಯಾಂಟಿನೊಳಗೆ ಇಳಿಬಿಟ್ಟುಕೊಂಡು ಕಾವಲುಗಾರನಿಗೆ ಗುಡ್ ನೈಟ್ ಹೇಳಿ ಮನೆಗೆ ಬರುತ್ತಿದ್ದನಲ್ಲ ಅಪ್ಪ, ಅದೇ ನಾಯಿಯನ್ನು ಪೀಪಾಯಿಗೆ ಇಳಿಬಿಟ್ಟು ಒಬ್ಬೊಬ್ಬರಿಗೆ ಒಂದೊಂದು ಗುಟುಕು ಹೊಯ್ದೆ. ಒಂದೇ ದಿನಕ್ಕೆ ಅಂದುಕೊಂಡಿದ್ದೆ. ಆದರೆ ಒಮ್ಮೆ ಚಪ್ಪಾಳೆ ಬಿದ್ದ ಮಾತನ್ನು ಮರುದಿನ ಬಿಟ್ಟವನಲ್ಲ ನಾನು. ಅದು ನಿನಗೆ ಗೊತ್ತು.

ನನ್ನ ಸಮಾಧಾನಕ್ಕೆ ಒಂದು ನೆಪವನ್ನೂ ಕಟ್ಟಿಕೊಂಡಿದ್ದೆ. ನಾನು ಒಂದು ಹನಿಯನ್ನೂ ಬಾಯಿಗೆ ಹಾಕಿಲ್ಲವಲ್ಲ. ಗಾಡಿ ಓಡಿಸುವವನು. ಅಪ್ಪನ ಮಾತು ಮೀರಿದವನು ನಾನಲ್ಲ, ಎಲ್ಲಿಂದಲೋ ಬಂದವರು. ಮರದ ಸಂದುಗಳಿಂದ ವರ್ಷ ವರ್ಷ ಆರಿಹೋಗುವುದನ್ನು ನಾವು ದೇವದೂತರ ಪಾಲು ಅನ್ನುತ್ತೇವಲ್ಲ, ಪೀಪಾಯಿ ಹಗುರಾದದ್ದೆಲ್ಲ ಅವರ ತಲೆಗೇ ಕಟ್ಟಿದೆ. ಪಾಪ, ಅವರು ತಿರುಗಿ ಮಾತಾಡುವವರಲ್ಲ.

ಇವತ್ತಿನ ಎಂಟು ಜನರಲ್ಲಿ ಓಡಿಲ್ ಅಂತ ಬೆಲ್ಜಿಯಮ್ಮಿನ ಒಬ್ಬ ಮುದುಕಿ ಇದ್ದರು. ಬೆಳಿಗ್ಗೆಯಿಂದ ನನ್ನ ಒಂದು ಜೋಕಿಗೂ ನಗಲಿಲ್ಲ. ಮಧ್ಯಾಹ್ನ ಹೊಗೆಮೀನಿನ ಸಾರು ಕುಡಿಯುವಾಗ 'ನೀವು ತುಂಬಾ ಜೋರಾಗಿ ಮಾತಾಡ್ತೀರಿ, ಏನನ್ನ ಮುಚ್ಚಿಡೋಕೆ?' ಎಂದು ಕೇಳಿದರು, ಉಪ್ಪು ಕೊಡಿ ಎಂದಷ್ಟೇ ಸಲೀಸಾಗಿ. ನಾನು ನಕ್ಕು ಉಪ್ಪು ಕೊಟ್ಟೆ.

ಉಗ್ರಾಣದಲ್ಲಿ ನನ್ನ ಅಂಕ ಶುರುವಾಯಿತು. ತಂದೆಯ ಕೈ, ತಂದೆಯ ಮಾತು, ಸಮುದ್ರ, ಅಕ್ಕ, ಖಾಲಿ ಗ್ಲಾಸು. ಎಲ್ಲರೂ ತಲೆಬಾಗಿಸಿ ನಿಂತಿದ್ದರು. ವಾಟಿ ಬಿರಡೆ ತೆಗೆದ, ನಾನು ಗುಟುಕು ಗುಟುಕು ಹಂಚಿದೆ. ಓಡಿಲ್ ಅಮ್ಮ ಮಾತ್ರ ಗ್ಲಾಸನ್ನು ತುಟಿಗೆ ಮುಟ್ಟಿಸಲಿಲ್ಲ. 'ಒಂದು ಪ್ರಶ್ನೆ. ಇಬ್ಬರೂ ಒಟ್ಟಿಗೆ ಕೂತಾಗ ತೆಗೀಬೇಕು ಅಂದರು ನಿಮ್ಮ ತಂದೆ. ಹೌದಾ?'

'ಹೌದು ತಾಯಿ.'

'ಅಕ್ಕ ಬಂದಿಲ್ಲ.'

'ಇಲ್ಲ ತಾಯಿ.'

'ಹಾಗಾದರೆ ಇದು ಯಾರದು?' ಎಂದು ತಮ್ಮ ಗ್ಲಾಸನ್ನು ಎತ್ತಿ ಹಿಡಿದರು. ನನ್ನ ಬಾಯಲ್ಲಿ ಮಾತು ಸಿದ್ಧವಿತ್ತು, ದೇವದೂತರದು, ಅಭಿಮಾನಿಗಳದು, ಅಂಥದ್ದು ಏನೋ. ಅದು ಹೊರಡುವ ಮೊದಲೇ ಅವರು ಪೀಪಾಯಿಯ ಹತ್ತಿರ ಬಂದು ತಮ್ಮ ಗುಟುಕನ್ನು ಹಾಗೆಯೇ ನಿನ್ನ ಖಾಲಿ ಗ್ಲಾಸಿಗೆ ಸುರಿದರು. 'ನಾನು ಬೇರೆಯವರ ಮನೆಯ ಮಾತನ್ನ ಕುಡಿಯೋದಿಲ್ಲ' ಎಂದು ಕೈ ಒರೆಸಿಕೊಂಡು ಹಿಂದೆ ಸರಿದು ನಿಂತರು. ಅವರ ಹಿಂದೆ ಇಟಲಿಯ ಗಂಡಹೆಂಡತಿ ಬಂದು ಸುರಿದರು. ಆಮೇಲೆ ಉಳಿದವರು. ಕೊನೆಯವನೊಬ್ಬ ಗ್ಲಾಸ್ಗೋದ ದಢೂತಿ. 'ನಾನು ಅರ್ಧ ಇಳಿಸಿಬಿಟ್ಟಿದ್ದೀನಿ ಗುರೂ, ಸಾರಿ ಹೇಳು ನಿನ್ನಕ್ಕನಿಗೆ' ಎಂದು ಉಳಿದರ್ಧವನ್ನು ಸುರಿದ. ಯಾರೂ ನಗಲಿಲ್ಲ. ಇಷ್ಟು ದಿನ ನಾನು ಜನರನ್ನು ಅಳಿಸಲೆಂದು ಇಟ್ಟ ಗ್ಲಾಸು ನನ್ನ ಕಣ್ಣೆದುರಿಗೇ ತುಂಬುತ್ತಾ ಬಂತು. ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ ಅಕ್ಕಾ.

ಅವರನ್ನು ಎಲ್ಗಿನ್‌ಗೆ ಬಿಟ್ಟು ನಾನು ಉಗ್ರಾಣಕ್ಕೆ ಮರಳಿದೆ. ವಾಟಿ ಬೀಗ ಹಾಕದೆ ಕಾಯುತ್ತಿದ್ದ. ಅಪ್ಪನ ಕಾಲದ ಮನುಷ್ಯ, ನನ್ನನ್ನು ಇನ್ನೂ ಚಡ್ಡಿ ಹಾಕಿದವನ ಹಾಗೆಯೇ ಮಾತಾಡಿಸುವುದು. ಸುತ್ತಿಗೆ ತೆಗೆದುಕೊಂಡು ಪೀಪಾಯಿಯ ಮುಖಕ್ಕೆ ಮೇಲಿನಿಂದ ಕೆಳಕ್ಕೆ ತಟ್ಟುತ್ತಾ ಬಂದ. ತುಂಬಿದ ಕಡೆ ಸದ್ದು ಮಂಕು, ಖಾಲಿ ಕಡೆ ಗಂಟಲು ಬಿಟ್ಟು ಕೂಗುತ್ತದೆ. ನಡು ದಾಟಿ ಎಷ್ಟೋ ಕೆಳಗೆ ಬಂದರೂ ಕೂಗುತ್ತಲೇ ಇತ್ತು. 'ಕೇಳಿದೆಯೇನೋ? ನಿನ್ನ ಹಾಗೇ ಆಗಿದೆ ಇದು, ಸದ್ದು ಜಾಸ್ತಿ' ಎಂದ. ಆಮೇಲೆ ತನ್ನ ಗಾಜಿನ ನಳಿಗೆಯಿಂದ ಸ್ವಲ್ಪ ತೆಗೆದು ಆಲ್ಕೋಹಾಲಿನ ಕಸುವು ಅಳೆದ. ನೂರಕ್ಕೆ ನಲವತ್ತರ ಮೇಲೆ ಕೂದಲೆಳೆಯಷ್ಟು. ಪೀಪಾಯಿ ಬರಿದಾದಷ್ಟೂ ಒಳಗಿನ ಗಾಳಿ ಹೆಚ್ಚಿ, ಉಳಿದದ್ದು ಇನ್ನೂ ಬೇಗ ಸಪ್ಪೆಯಾಗುತ್ತದೆ ಎಂದು ವಾಟಿ ನನಗೆ ಹೋದ ವರ್ಷವೇ ಹೇಳಿದ್ದ. ನಾನು ಕೇಳಿಸಿಕೊಂಡಿರಲಿಲ್ಲ. ನಲವತ್ತರ ಕೆಳಗಿಳಿದರೆ ಕಾನೂನಿನ ಕಣ್ಣಲ್ಲಿ ಅದು ವಿಸ್ಕಿಯೇ ಅಲ್ಲ, ಹೆಸರಿಲ್ಲದ ಯಾವುದೋ ಕಂದುನೀರು. ಅಪ್ಪ ಕಟ್ಟಿದ ಮರದೊಳಗೆ, ಅಪ್ಪ ತುಂಬಿಸಿದ್ದು.

'ಇನ್ನೊಂದು ಚಳಿಗಾಲ ತಡೆಯುತ್ತಾ?' ಎಂದು ಕೇಳಿದೆ. 'ನೀನು ಕೈ ಹಾಕದಿದ್ದರೆ ತಡೆದೀತು. ನೀನು ಕೈ ಹಾಕದೆ ಇರ್ತೀಯಾ?' ಎಂದ. ನಾನು ಆಣೆ ಹಾಕಲು ಎದೆಯ ಮೇಲೆ ಕೈಯಿಟ್ಟೆ. 'ಅದು ನಾಟಕದ ಆಣೆ, ಕೈ ಇಳಿಸು. ಈಗಲೇ ಬಾಟಲಿಗೆ ತುಂಬಿಸಿಬಿಡೋಣ್ವಾ?' ಎಂದ. ತುಂಬಿಸಿದರೆ ವಿಸ್ಕಿ ಉಳಿಯುತ್ತದೆ, ಅಪ್ಪನ ಮಾತು ಹೋಗುತ್ತದೆ. ಕಾದರೆ ಮಾತು ಉಳಿದೀತು, ವಿಸ್ಕಿ ಹೋದೀತು. ಮಾತನ್ನು ಅಷ್ಟು ಜನಕ್ಕೆ ಹಂಚಿದವನು ನಾನು. ಉಳಿದಿರುವ ಒಂದಿಷ್ಟರ ಬಗ್ಗೆ ತೀರ್ಮಾನ ಮಾಡುವ ಹಕ್ಕು ನನಗೆ ಎಲ್ಲಿಂದ ಬರಬೇಕು?

ಆ ತುಂಬಿದ ಗ್ಲಾಸನ್ನು ನನ್ನ ಪಾಲಿನ ಪುಟ್ಟ ಖಾಲಿ ಶೀಶೆಗಳಿಗೆ ಸುರಿದು ತಂದಿದ್ದೇನೆ. ಮೇಜಿನ ಮೇಲಿವೆ. ಗಾಡಿ ಹೊರಗೆ ನಿಂತಿದೆ, ಇವತ್ತು ಇನ್ನು ಓಡಿಸುವುದಿಲ್ಲ, ಕುಡಿಯಲು ಯಾವ ಅಡ್ಡಿಯೂ ಇಲ್ಲ. ಮುಚ್ಚಳ ತೆಗೆದು ಮೂಸಿದೆ. ಅಪ್ಪನ ಏಪ್ರನ್ನಿನ ವಾಸನೆ. ಮುಚ್ಚಿಟ್ಟೆ.

ಮಂಡಿಗೆ ಬಿಸಿ ಎಣ್ಣೆ ಹಚ್ಚುವುದನ್ನು ಬಿಡಬೇಡ. ಭಾವನಿಗೆ ನನ್ನ ನಮಸ್ಕಾರ, ಕೆಮ್ಮು ಪೂರ್ತಿ ಹೋಗುವವರೆಗೆ ದೋಣಿ ಇಳಿಸಬೇಡಿ ಅಂತ ಹೇಳು. ಇಂಗಾ ಅಮ್ಮನವರಿಗೆ, ಬೆಕ್ಕಿಗೆ ಯಥಾಪ್ರಕಾರ. ದೇವರು ನಿಮ್ಮ ಮನೆಯ ಒಲೆಯನ್ನು ಆರದಂತೆ ಇಟ್ಟಿರಲಿ.

ನಿನ್ನ ತಮ್ಮ,
ಫಾರ್ಕರ್

ಮರೆತಿದ್ದೆ: ಹೇಳಬೇಕಾದ್ದನ್ನು ಇನ್ನೂ ಹೇಳಿಲ್ಲ. ವಸಂತದಲ್ಲಿ ನೀನು 'ಮಂಡಿ ಕೈಕೊಡೋ ಮೊದಲು ಈ ವರ್ಷ ಬಂದುಬಿಡ್ತೀನಿ ಕಣೋ, ಅಪ್ಪನ ಪೀಪಾಯಿ ತೆಗೆಯೋಣ' ಎಂದು ಬರೆದೆ. ನಾನು 'ಇನ್ನೂ ಹದಕ್ಕೆ ಬಂದಿಲ್ಲ, ಮುಂದಿನ ವರ್ಷ ಬಾ' ಎಂದು ಉತ್ತರಿಸಿದೆ. ಸುಳ್ಳು. ಹದಕ್ಕೆ ಬಂದು ಎಷ್ಟೋ ಕಾಲವಾಗಿತ್ತು. ನೀನು ಬಂದರೆ ಖಾಲಿ ಗ್ಲಾಸಿಗೆ ಕೆಲಸವಿರುವುದಿಲ್ಲ, ನನ್ನ ಅಂಕ ಮುಗಿಯುತ್ತದೆ ಎಂದು ನಿನ್ನನ್ನು ತಡೆದೆ. ಈಗ ಬಾ ಅಕ್ಕಾ. ಬಾಟಲಿಯೋ, ಕಾಯುವುದೋ, ನೀನು ಹೇಳಿದಂತೆ. ಉಳಿದದ್ದಷ್ಟೂ ನಿನ್ನದು, ನನ್ನ ಅರ್ಧವನ್ನು ನಾನು ಊರಿಗೆಲ್ಲ ಹಂಚಿ ಮುಗಿಸಿದ್ದೇನೆ. ವಾಟಿ ತನ್ನ ಗಾಜಿನ ನಳಿಗೆಯನ್ನು ಬೀಗದೊಳಗಿಟ್ಟು 'ಇದು ನಿನಗೆ ಸಿಗಲ್ಲ' ಎಂದಿದ್ದಾನೆ. ಉಳಿದದ್ದು ಅಪ್ಪನ ನಾಯಿ ಒಂದೇ, ಅದು ನನ್ನ ಹತ್ತಿರ ಇರುವವರೆಗೆ ನನ್ನನ್ನು ನಾನು ನಂಬುವುದಿಲ್ಲ. ಅದಕ್ಕೇ ನಾಳೆ ಬೆಳಿಗ್ಗೆ, ಎಲ್ಗಿನ್‌ಗೆ ಹೋಗುವ ಮುಂಚೆ, ಅಂಚೆ ಕಚೇರಿಯ ಬಾಗಿಲು ತೆರೆಯುವುದನ್ನೇ ಕಾದು ನಿಂತು, ನಾಯಿಯನ್ನು ಅಪ್ಪನ ಹಳೆಯ ಉಣ್ಣೆಯ ಕಾಲುಚೀಲದೊಳಗೆ ಸುತ್ತಿ ಈ ಕಾಗದದ ಜೊತೆ ನಿನಗೆ ಕಳಿಸಿಬಿಡುತ್ತೇನೆ. ಬರುವಾಗ ಅದನ್ನು ನೀನೇ ತೆಗೆದುಕೊಂಡು ಬಾ.