ಗಂಟಲು ತುರಿಸಿದ ಪತ್ರೊಡೆ

ಬೆಳ್ಳಾರೆ
24-8-2025, ಆದಿತ್ಯವಾರ

ಪ್ರೀತಿಯ ದೀಕ್ಷಿತಾಳಿಗೆ ಅತ್ತೆಯ ಆಶೀರ್ವಾದಗಳು.

ಅತ್ತೆ ಕಾಗದ ಬರೆದಿದ್ದಾರೆ ಎಂದು ಹೆದರಬೇಡ, ಇಲ್ಲಿ ಯಾರಿಗೂ ಏನೂ ಆಗಿಲ್ಲ. ಫೋನ್ ಮಾಡಿದರೆ ನಿನ್ನ ಅಮ್ಮ ಎತ್ತುತ್ತಾರೆ. ವಾಟ್ಸಾಪಿನಲ್ಲಿ ಬರೆದರೆ ನೀನು ಒಂದು ಹೆಬ್ಬೆರಳಿನ ಚಿತ್ರ ಕಳಿಸಿ ಸುಮ್ಮನಾಗುತ್ತೀ. ಸೋಣ ತಿಂಗಳು ಬಂತು, ನೀನು ಯಾವಾಗ ಬರುವುದು ಎಂದು ಕೇಳಿದ್ದಕ್ಕೂ ಹೆಬ್ಬೆರಳು! ಅದರ ಅರ್ಥ ಬರುತ್ತೇನೆ ಎಂದೋ, ಬರುವುದಿಲ್ಲ ಎಂದೋ? ಒಂದು ಗಂಟೆ ನೋಡಿದರೂ ನನಗೆ ತಿಳಿಯಲಿಲ್ಲ. ಆದ್ದರಿಂದ ಇದನ್ನು ಸಂಪ್ರೀತನ ಕೈಯಲ್ಲಿ ಕಳಿಸುತ್ತಿದ್ದೇನೆ. ಈ ವಿಷಯದಲ್ಲಿ ಗಂಡನಾಗಿ ಅವನು ಯಾವ ಉಪಯೋಗಕ್ಕೂ ಬರಲಿಲ್ಲ, ಅಂಚೆಯವನಾಗಿಯಾದರೂ ಬರಲಿ.

ಮದುವೆಯಾದ ಮೊದಲ ವರ್ಷ ಆಟಿ ತಿಂಗಳಲ್ಲಿ ಹುಡುಗಿ ತವರಿನಲ್ಲಿ ಕೂರುವುದು ನಮ್ಮಲ್ಲಿ ನಡೆದುಬಂದದ್ದು. ನಾನೂ ಕೂತವಳೇ. ಆದರೆ ಆಟಿ ಕೂತವಳು ಸೋಣದಲ್ಲಿ ಎದ್ದು ಬರಬೇಕು. ನಿನ್ನ ಆಟಿ ಮುಗಿದು ವಾರವಾಯಿತು. ಸೋಣದಲ್ಲಿ ಹೊಸ್ತಿಲಿಗೆ ಹೂವಿಟ್ಟು ಪೂಜೆ ಮಾಡಬೇಕಾದವಳು ಹೊಸ ಸೊಸೆ. ಈಗ ಸೊಂಟ ಹಿಡಿದುಕೊಂಡು ನಾನು ಬಗ್ಗುತ್ತಿದ್ದೇನೆ. ದಾರಿಯಲ್ಲಿ ಹೋಗುವವರೆಲ್ಲ ಅದೇ ಹೊತ್ತಿಗೆ ಸರಿಯಾಗಿ ನಿಂತು, "ಎಂತ ಅಕ್ಕು, ಸೊಸೆ ಬರ್ಲಿಲ್ವಾ?" ಎಂದು ಕೇಳುತ್ತಾರೆ. ಅವರಿಗೆ ಬೇರೆ ಕೆಲಸವಿಲ್ಲ. ಬುಧವಾರ ಚೌತಿ. ಚೌತಿಗೂ ನೀನು ಇಲ್ಲ ಎಂದಾದರೆ ಊರಿಡೀ ಮಾತಾಗುತ್ತದೆ.

ಇಷ್ಟೆಲ್ಲ ಆದದ್ದು ಒಂದು ಪತ್ರೊಡೆಯಿಂದ! ಚಿನ್ನ ಕಡಿಮೆಯಾಗಿ ಸಂಬಂಧ ಕೆಟ್ಟದ್ದನ್ನು ಕೇಳಿದ್ದೇನೆ. ಗಂಟಲು ತುರಿಸಿ ಸೊಸೆ ತವರಿನಲ್ಲಿ ಉಳಿದದ್ದನ್ನು ಎಲ್ಲಿಯೂ ಕೇಳಿಲ್ಲ.

ಅಂದು ನಡೆದದ್ದನ್ನು ನಿನ್ನ ಅಮ್ಮ ಹೇಳಿದ ಹಾಗೆ ನೀನು ಕೇಳಿದ್ದೀ, ಈಗ ನನ್ನದನ್ನೂ ಕೇಳು. ತೋಟದ ಕೆಲಸಕ್ಕೆ ಬರುವ ಚೆನ್ನಪ್ಪನಿಗೆ, ಮರದ ಮೇಲೆ ಹುಟ್ಟುವ ಮರಕೆಸುವಿನ ಎಲೆ ತಾ ಎಂದು ಕಳಿಸಿದ್ದೆ. ಅವನು ಜಾರುವ ಮರ ಹತ್ತಲಾರದೆ ನಾಲ್ಕೇ ನಾಲ್ಕು ಎಲೆ ತಂದು, "ಇಷ್ಟೇ ಇದ್ದದ್ದು ಅಕ್ಕೆರೆ, ಉಳಿದದ್ದು ಮಂಗ ಹರಿದು ಹಾಕಿದೆ," ಎಂದ. ಮಂಗ ಕೆಸುವಿನ ಎಲೆ ಮುಟ್ಟುವುದನ್ನು ನೀನು ಎಲ್ಲಿಯಾದರೂ ನೋಡಿದ್ದೀಯಾ? ಸರಿ, ಉಳಿದದ್ದಕ್ಕೆ ನಾನೇ ಕೊಡೆ ಹಿಡಿದುಕೊಂಡು ಹೋಗಿ ನೀರು ಹರಿಯುವ ತೋಡಿನ ಬದಿಯಿಂದ ಕಪ್ಪು ದಂಟಿನ ಕಾಟು ಕೆಸು ಕೊಯ್ದು ತಂದೆ. ಕಾಡಿನದ್ದೇ ಆದರೂ ತಿನ್ನುವ ಕೆಸು ಯಾವುದು, ಬಿಡುವುದು ಯಾವುದು ಎಂದು ನನಗೆ ಕಣ್ಣು ಮುಚ್ಚಿದರೂ ಗೊತ್ತು. ಅಕ್ಕಿ ಅರೆದು, ಎಲೆಗೆ ಹಚ್ಚಿ, ಒಂದರ ಮೇಲೊಂದು ಇಟ್ಟು ಸುರುಳಿ ಸುತ್ತಿ ಬೇಯಿಸಿ, ತಣಿದ ಮೇಲೆ ಹೋಳು ಮಾಡಿ ಕಾಯಿ ಬೆಲ್ಲದ ಒಗ್ಗರಣೆ ಕೊಟ್ಟು, ಬಾಳೆ ಎಲೆಯಲ್ಲಿ ಕಟ್ಟಿ, ಪುತ್ತೂರಿನ ಬಸ್ಸಿನ ಕಂಡಕ್ಟರಿಗೆ ಹತ್ತು ಸಲ ಹೇಳಿ ಕೊಟ್ಟೆ. ಆಟಿ ಕೂತ ಸೊಸೆಗೆ ಗಂಡನ ಮನೆಯಿಂದ ಇಷ್ಟಾದರೂ ಹೋಗಬೇಡವೇ ಎಂದು.

ಅಂದೇ ನಿಮ್ಮ ಮನೆಗೆ ನಿನ್ನ ದೊಡ್ಡಮ್ಮ, ಚಿಕ್ಕಮ್ಮ ಎಲ್ಲ ಬಂದಿರಬೇಕೇ? ಎಲ್ಲರೂ ಒಟ್ಟಿಗೆ ತಿನ್ನಲು ಕೂತಿರಬೇಕೇ? ಸಂಜೆ ನಿನ್ನ ಅಮ್ಮನ ಫೋನ್. "ಎಂತ ಅಕ್ಕಾ, ನಮ್ಮ ಮೇಲೆ ಕೋಪ ಉಂಟಾ? ಎಲ್ಲರ ಗಂಟಲೂ ಹಿಡಿದು ಹೋಗಿದೆ. ಹುಳಿ ಹಾಕ್ಲಿಲ್ವಾ ನೀವು?"

ಕೆಸುವಿನ ತುರಿಕೆ ಹುಳಿ ಹಾಕಿದರೆ ಹೋಗುತ್ತದೆ ಎಂಬುದು ಈ ಊರಿನ ಬೆಕ್ಕಿಗೂ ಗೊತ್ತು. ಅದನ್ನು ನನಗೆ, ನಲವತ್ತು ವರ್ಷದಿಂದ ಪತ್ರೊಡೆ ಮಾಡುತ್ತಿರುವವಳಿಗೆ, ನೆಂಟರೆಲ್ಲ ಕೇಳುವ ಹಾಗೆ ಹೇಳಿದರೆ ಹೇಗಾಗಬೇಡ? ಬಾಯಿಗೆ ಬಂದದ್ದು ಬಂತು. "ಪೇಟೆಯ ನಾಲಗೆಗೆ ಕಾಡಿನದ್ದೆಲ್ಲ ತುರಿಸ್ತದೆ," ಎಂದೆ. ಅದಕ್ಕೆ ಅವರು, "ಹಾಗಾದ್ರೆ ಪೇಟೆಯ ಹುಡುಗಿ ಪೇಟೆಯಲ್ಲೇ ಇರ್ಲಿ," ಎಂದು ಫೋನ್ ಇಟ್ಟರು. ನಾನು ಹೇಳಿದ್ದೂ ಒಂದೇ ಮಾತು, ಅವರು ಹೇಳಿದ್ದೂ ಒಂದೇ ಮಾತು, ಅದಕ್ಕೆ ಎಷ್ಟು ಬಲ ನೋಡು.

ಅದೇ ಚೀಲದಲ್ಲಿ ಹಲಸಿನ ಹಣ್ಣಿನ ಗಟ್ಟಿಯೂ ಇತ್ತು. ಅದರ ಸುದ್ದಿಯನ್ನು ಯಾರೂ ಎತ್ತುವುದಿಲ್ಲ! ಮರದಲ್ಲಿ ಉಳಿದಿದ್ದ ಕೊನೆಯ ಹಣ್ಣು, ಮಳೆನೀರು ಕುಡಿಯದ ತೊಳೆ ಆರಿಸಲು ನನಗೆ ಅರ್ಧ ದಿನ ಹಿಡಿಯಿತು. ಅಕ್ಕಿಯೊಡನೆ ಅರೆದು ಉಪ್ಪಳಿಗೆಯ ಎಲೆಯಲ್ಲಿ ಮಡಚಿ ಬೇಯಿಸಿದ್ದೆ, ಆ ಎಲೆಯ ಪರಿಮಳ ನಿನಗೆ ಇಷ್ಟ ಎಂದು. ಸಿಹಿ ತಿಂದ ಬಾಯಿ ಒಂದು ಮಾತು ಒಳ್ಳೆಯದು ಹೇಳಬೇಡವೇ? ತುರಿಸಿದ್ದನ್ನು ಮಾತ್ರ ಕಡಬದಲ್ಲಿರುವ ನನ್ನ ತಂಗಿಯವರೆಗೂ ಮುಟ್ಟಿಸಿದ್ದಾರೆ. ಅವಳು ಫೋನ್ ಮಾಡಿ ನಗುತ್ತಾಳೆ.

ನಾನು ಹೇಳುವುದು ಇಷ್ಟೆ. ಪತ್ರೊಡೆ ತುರಿಸಲೇ ಇಲ್ಲ. ತುರಿಸಿದ್ದರೆ ಅದು ಚೆನ್ನಪ್ಪನ ಎಲೆಯದ್ದು. ಅಲ್ಲವಾದರೆ ಬಸ್ಸು ತಡವಾದದ್ದಕ್ಕೆ, ಬಿಸಿ ಪತ್ರೊಡೆ ಕಟ್ಟಿಟ್ಟಲ್ಲೇ ಬೆವರಿದ್ದಕ್ಕೆ. ಮನೆಯಲ್ಲಿ ಉಳಿದಿದ್ದನ್ನು ನಾನೇ ಸಂಪ್ರೀತನ ಎದುರು ಕೂತು ಒಂದು ಹೋಳೂ ಬಿಡದೆ ತಿಂದೆ. ಅವನು, "ಅಮ್ಮಾ, ಸಾಕು, ನಿಮ್ಮ ಕಣ್ಣಲ್ಲಿ ನೀರು ಬರ್ತಾ ಉಂಟು," ಎಂದ. ಅದು ಒಗ್ಗರಣೆಯ ಮೆಣಸಿನದ್ದು ಎಂದೆ. ಮರುದಿನದಿಂದ ನನಗೆ ಸ್ವರ ಹೊರಡಲಿಲ್ಲ. ಮಳೆಯಲ್ಲಿ ತೋಡಿನ ಬದಿಗೆ ಹೋಗಿದ್ದೆನಲ್ಲ, ಶೀತವಾಗಿತ್ತು. ಶೀತಕ್ಕೆ ಬೆಲ್ಲ ಯಾಕೆ ಚೀಪುವುದು, ಅದು ಗಂಟಲು ತುರಿಸಿದರೆ ಅಲ್ಲವಾ ಎಂದು ನಿನ್ನ ಗಂಡ ಕೇಳಿದ. ಅವನಿಗೆ ಬೇಡದ ಕಡೆ ಬುದ್ಧಿ ಓಡುತ್ತದೆ.

ಅವನ ಕಥೆಯನ್ನೂ ಹೇಳಿಬಿಡುತ್ತೇನೆ. ಪ್ರತಿ ಆದಿತ್ಯವಾರ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಬೀಗ ಹಾಕಿ ಪುತ್ತೂರಿಗೆ ಬರುತ್ತಾನೆ, ನಿನ್ನ ಅಮ್ಮ ಮಾಡಿದ ಕೋಳಿ ಸುಕ್ಕ ಹೊಡೆಯುತ್ತಾನೆ, ಸಂಜೆ ಹೊಟ್ಟೆ ಸವರುತ್ತಾ ವಾಪಸು. ದೀಕ್ಷಿತಾ ಎಂತ ಹೇಳಿದಳು ಎಂದು ಕೇಳಿದರೆ, "ಎಂತ ಹೇಳ್ಲಿಲ್ಲ." ಅವಳ ಅಮ್ಮ? "ಅವರೂ ಎಂತ ಹೇಳ್ಲಿಲ್ಲ." ನೀನು ಕೇಳಿದೆಯಾ? "ನಾನೆಂತ ಕೇಳುದು?" ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅವನಿಗೆ. ಇತ್ತ ನನ್ನ ತಲೆ ಮಾತ್ರ ಕೆಡಬೇಕು.

ನಿನ್ನ ಮೇಲೂ ನನಗೆ ಸಿಟ್ಟಿದೆ, ಅದನ್ನು ಮುಚ್ಚಿಡುವುದಿಲ್ಲ. ಅಷ್ಟು ಜನ ನೆಂಟರ ನಡುವೆ ನೀನು ಒಂದು ಮಾತು ಆಡಬಹುದಿತ್ತು. ಅತ್ತೆ ಹಾಗೆ ಮಾಡುವವರಲ್ಲ ಎಂದಾದರೂ ಹೇಳಬಹುದಿತ್ತು, ಇಲ್ಲವೇ ನನಗೇ ಫೋನ್ ಮಾಡಿ ಅತ್ತೆ, ಎಂತ ಮಾಡಿಟ್ಟಿರಿ ಎಂದು ಬೈಯಬಹುದಿತ್ತು. ಇಲ್ಲಿದ್ದಾಗಲೂ ನಿನ್ನದು ಅದೇ ಕ್ರಮ. ನಾನು ಬೆಳಿಗ್ಗೆಯಿಂದ ಸಂಜೆಯವರೆಗೆ ಮಾತಾಡುತ್ತೇನೆ, ನೀನು ತಲೆಯಾಡಿಸುತ್ತೀ. ಖುಷಿಗೋ ಬೇಜಾರಿಗೋ ನನಗೆ ಗೊತ್ತಾಗುವುದಿಲ್ಲ. ಈಗ ಆ ತಲೆಯಾಡಿಸುವುದೂ ಇಲ್ಲದೆ ಅಡಿಗೆಮನೆಯಲ್ಲಿ ನಿಲ್ಲಲು ಮನಸ್ಸಾಗುವುದಿಲ್ಲ. ನೋಡು, ಬರೆಯಬಾರದು ಎಂದುಕೊಂಡದ್ದನ್ನು ಬರೆದುಬಿಟ್ಟೆ.

ನೀನು ಇಲ್ಲದೆ ಇಲ್ಲಿ ಎಲ್ಲ ಹಾಳಾಗುತ್ತಿದೆ. ಗುಡ್ಡೆಯ ತಗತೆ ಸೊಪ್ಪು ಬಲಿತು ಹೋಯಿತು, ವಡೆಗೆ ಎಳೆಯದ್ದು ಇನ್ನು ಸಿಗುವುದಿಲ್ಲ. ಎಳೆ ಬಿದಿರಿನ ಕಣಿಲೆ ಹೆಚ್ಚಿ ನೀರಿಗೆ ಹಾಕಿದ್ದೇನೆ, ದಿನಾ ನೀರು ಬದಲಿಸುತ್ತಿದ್ದೇನೆ. ಕಹಿ ಬಿಟ್ಟು ಗಸಿ ಮಾಡುವ ಹದಕ್ಕೆ ಬಂದಿದೆ. ನಮ್ಮಿಬ್ಬರಿಗಾಗಿ ಯಾರು ಕಾಯಿ ತುರಿಯುತ್ತಾರೆ? ಚೌತಿಗೆ ಮೊದಲು ಬಾ. ನಿನ್ನ ಅಮ್ಮನಿಗೂ ಹೇಳು, ನಿನ್ನನ್ನು ಬಿಟ್ಟುಹೋಗಲು ಅವರೇ ಬಂದು ಒಂದು ಊಟ ಮಾಡಿಕೊಂಡು ಹೋಗಲಿ. ಕೆಸು ಮಾಡುವುದಿಲ್ಲ ಎಂದು ಮಾತು ಕೊಡುತ್ತೇನೆ.

ಉತ್ತರ ಬಾಯಲ್ಲಿ ಹೇಳಿಕಳಿಸು. ಹೆಬ್ಬೆರಳು ಬೇಡ.

ಇಂತಿ ಸಿಟ್ಟಿನಲ್ಲಿರುವ, ಆದರೂ ನಿನ್ನವಳೇ ಆದ
ಅತ್ತೆ ಅಕ್ಕು

ತಾ.ಕ.: ಸಂಪ್ರೀತ ಬೈಕ್ ಒರೆಸುತ್ತಿದ್ದಾನೆ, ಅಷ್ಟರಲ್ಲಿ ಇದನ್ನೂ ಬರೆದುಬಿಡುತ್ತೇನೆ. ನಿನ್ನ ಅಮ್ಮ ಕೇಳಿದ್ದು ಸರಿ. ಹುಳಿ ಕಡಿಮೆಯೇ ಹಾಕಿದ್ದೆ, ಅದೂ ಬೇಕೆಂದೇ. ನೀನು ಬಂದ ಹೊಸತರಲ್ಲಿ ನನ್ನ ಬಸಳೆ ಸಾಂಬಾರು ಬಾಯಿಗಿಟ್ಟು, ಹುಳಿಗೆ ಮುಖ ಕಿವುಚಿ, ಮೆಲ್ಲ ತಟ್ಟೆಯ ಬದಿಗೆ ಸರಿಸಿದ್ದನ್ನು ನಾನು ನೋಡಿದೆ. ನೀನು ಹೇಳಲಿಲ್ಲ, ನಾನು ಕೇಳಲಿಲ್ಲ. ಅಂದಿನಿಂದ ಈ ಮನೆಯಲ್ಲಿ ಹುಣಸೆಹುಳಿ ಅರ್ಧಕ್ಕೆ ಇಳಿದಿದೆ. ಪತ್ರೊಡೆಗೆ ಅರೆಯುವಾಗಲೂ ತೆಗೆದ ಹುಳಿಯಲ್ಲಿ ಅರ್ಧವನ್ನು ಭರಣಿಗೆ ವಾಪಸು ಹಾಕಿದೆ. ಕೆಸುವಿಗೆ ಹಾಗೆ ಮಾಡಬಾರದೆಂದು ಗೊತ್ತಿದ್ದೂ ಮಾಡಿದೆ, ನೀನು ಎರಡು ಹೋಳು ಹೆಚ್ಚು ತಿನ್ನಲಿ ಎಂದು. ಇದನ್ನು ನಿನ್ನ ಅಮ್ಮನಿಗೆ ಓದಿ ಹೇಳು, ಸಂಪ್ರೀತನಿಗೆ ಮಾತ್ರ ಬೇಡ. ಇನ್ನು ಮುಂದೆ ತಟ್ಟೆಯ ಬದಿಗೆ ಸರಿಸಬೇಡ ಮಾರಾಯ್ತಿ. "ಅತ್ತೆ, ಇದು ಹುಳಿ," ಎಂದು ಬಾಯಿಬಿಟ್ಟು ಹೇಳು. ನಾನು ಎರಡು ಮಾತು ಬೈದು ಕಡಿಮೆ ಮಾಡುತ್ತೇನೆ.