ಕಿವಿಗೆ ಕೇಳದ ಕರಕರ

ಕುಡಚಿ, ೧೨ ಫೆಬ್ರುವರಿ ೧೯೯೧, ಮಂಗಳವಾರ

ನನಗೆ ಕಿವುಡು ಬಂದಿಲ್ಲ. ಇಷ್ಟು ಬರೆದು ಮಲಗಿದರೂ ಸಾಕು. ಎರಡು ತಿಂಗಳಿಂದ ಸದ್ದೆಲ್ಲ ದೂರದಿಂದ ಬಂದಂತೆ ಕೇಳುತ್ತಿತ್ತು. ಕಿವಿ ಕೇಳದ ಮಿಸ್ತ್ರಿಯ ಹತ್ತಿರ ಯಾರು ಗಾಡಿ ತರುತ್ತಾರೆ ಎಂದು ಹೆದರಿ ಯಾರಿಗೂ ಹೇಳಿರಲಿಲ್ಲ.

ಬೆಳಿಗ್ಗೆ ಜಿನಮತಿ ಡಾಕ್ಟರು ಕಾರು ತಂದರು. "ಗಾಡಿ ನಿಂತಲ್ಲೇ ನಡಗತೈತ್ರಿ ಮಿಸ್ತ್ರಿ. ಕ್ಲಚ್ ಬಿಟ್ರ ಕರಕರ ಅಂತೈತಿ, ಒತ್ತಿದ್ರ ಸುಮ್ಮನಾಗತೈತಿ" ಎಂದರು. ನನಗೆ ಆ ಕರಕರ ಕೇಳಲೇ ಇಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಗೇರ್‌ಬಾಕ್ಸಿಗೆ ಆನಿಸಿ, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿಕೊಂಡೆ. ಆಗ ಎಲುಬಿನ ಮೂಲಕ ಕೇಳಿತು! ಎಂಜಿನ್ ಕುಲುಕಿದಾಗಲೆಲ್ಲ ಗೇರಿನ ಹಲ್ಲುಗಳು ಕರಕರ ಎನ್ನುತ್ತಿದ್ದವು. ಅಂದರೆ ತೊಂದರೆ ಕ್ಲಚ್ಚಿನದಲ್ಲ, ಎಂಜಿನ್ನಿನದು. ಹುಡುಕಿದರೆ ಕಾರ್ಬುರೇಟರ್ ಕೆಳಗಿನ ರಬ್ಬರ್ ಪೈಪು ಸೀಳಿತ್ತು, ಅಲ್ಲಿಂದ ಗಾಳಿ ಒಳಹೋಗುತ್ತಿತ್ತು. ಹೊಸ ಪೈಪು ಹಾಕಿದೆ. ನಡುಕ ನಿಂತಿತು.

"ಸಪ್ಪಳಾನೂ ಹೋತ್ ನೋಡ್ರಿ!" ಎಂದರು ಡಾಕ್ಟರು.

ನನಗೆ ತಡೆಯಲಾಗಲಿಲ್ಲ. "ನನ್ನ ಬರೇ ಕಿವಿಗೆ ಅದು ಮೊದಲೂ ಕೇಳಿಸಿರಲಿಲ್ರಿ ಡಾಕ್ಟರ್ ಬಾಯಾರ" ಎಂದುಬಿಟ್ಟೆ.

ಅವರು ಅಲ್ಲೇ ಕೈಬ್ಯಾಟರಿಯ ದೀಪ ಹಚ್ಚಿ ಕಿವಿ ನೋಡಿ ನಕ್ಕರು. "ಎರಡೂ ಕಿವ್ಯಾಗ ಗುಗ್ಗಿ ಹೊಲಸು ತುಂಬೇತ್ರಿ, ಮತ್ತೇನಿಲ್ಲ." ದವಾಖಾನೆಗೆ ಕರೆದೊಯ್ದು ಬೆಚ್ಚನೆಯ ನೀರು ಬಿಟ್ಟು ತೊಳೆದರು. ಹೊರಗೆ ಬಂದರೆ ಸೈಕಲ್ ಗಂಟೆ ಕೂಡ ಕಿವಿಗೆ ಚುಚ್ಚಿದಂತಾಯಿತು. ಬೀದಿಯಲ್ಲಿ ನಿಂತು ಒಬ್ಬನೇ ನಕ್ಕೆ.

ಮನೆಗೆ ಬಂದು ಹೆಂಡತಿ ರಾಮವ್ವನಿಗೆ ಎಲ್ಲ ಹೇಳಿದೆ. "ಕರೆದ್ರ ಓ ಅಂತಿರಲಿಲ್ಲ ನೀವು. ನನ್ನ ಮ್ಯಾಲೆ ಸಿಟ್ಟಾಗೀರಿ ಅಂತ ತಿಳಕೊಂಡಿದ್ದೆ" ಎಂದಳು. ಇಷ್ಟು ದಿನ ಹೆದರಿದವನು ನಾನೊಬ್ಬನೇ ಎಂದುಕೊಂಡಿದ್ದೆ. ಅವಳೂ ಹಾಗೇ ಒಳಗೊಳಗೇ ಹೆದರಿಕೊಂಡಿದ್ದಳು.